ಹಾಲಕೋಟ ಮಲ್ಲಾರಿ

"ಇವತ್ತಿನಿಂದ ಈ ಮನೀ ಬಿಟ್ಟು ಪ್ಲಾಸ್ಟಿಕ್ಕಿನ ಒಂದ ಚೂರೂ ಹೊರಗ ಹೋಗಂಗಿಲ್ಲ!"

ಮರಾಠಿ ನಾಡಿನ ಇಚಲಕರಂಜಿಯ ಚಾಳಿನ ಆ ಒಂದೂವರೆ ಕೋಣೆಯ ಮನೆಯ ಹೊಸ್ತಿಲ ಮೇಲೆ ನಿಂತು ಮಲ್ಲಾರಿ ಈ ಘೋಷಣೆ ಮಾಡಿದಾಗ ಅವನ ಹೆಗಲ ಮೇಲೊಂದು ಗೋಣಿಚೀಲವಿತ್ತು. ಚೀಲದ ತುಂಬ, ಅದೇ ಓಣಿಯ ಮದುವೆಯಲ್ಲಿ ಮಂದಿ ಚಹಾ ಕುಡಿದು ಎಸೆದ ಪ್ಲಾಸ್ಟಿಕ್ ಕಪ್ಪುಗಳು!

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕುಡಿದು ಎಸೆಯುವ ಕಪ್ಪು ಆಗಿನ್ನೂ ಹೊಸ ಸೋಜಿಗ. ಕಪ್ಪು-ಬಸಿ ತೊಳೆಯುವ ತಾಪತ್ರಯ ತಪ್ಪಿತೆಂದು ಮದುವೆ ಮನೆಯವರು ಹಿಗ್ಗಿ ಹೀರೇಕಾಯಿಯಾಗಿದ್ದರು. ಸಂಜೆ ಅಡ್ಡಮಳೆ ಹೊಡೆಯಿತು. ಕಪ್ಪುಗಳು ಸಾಲಾಗಿ ಗಟಾರಕ್ಕಿಳಿದವು, ಗಟಾರದ ಬಾಯಿ ಕಟ್ಟಿತು, ನೀರು ಕರೆಯದೆ ಬಂದ ಬೀಗರಂತೆ ಮಲ್ಲಾರಿಯ ಮನೆಗೆ ನುಗ್ಗಿತು. ಮಂಚದ ಮೇಲೆ ಕಾಲು ಮಡಚಿ ಕೂತಾಗಲೇ ಅವನಿಗೆ ಜ್ಞಾನೋದಯವಾದದ್ದು.

ಹೆಂಡತಿ ಯಮುನವ್ವ ಮೂಗಿಗೆ ಸೆರಗು ಹಿಡಿದಳು.

"ಮಂದಿ ಎಂಜಲಾ ಹೊತಗೊಂಡ ಮನಿಗಿ ಬಂದೀರಲ್ರಿ! ನಾಳೆ ಉಂಡ ಎಲೀನೂ ತರತೀರೇನು?"

"ಎಂಜಲಲ್ಲ ಇದು, ಕಚ್ಚಾ ಮಾಲು! ನಮ್ಮ ಶೆಡ್ಡಿನಾಗ ನೆಲಾ ಗುಡಿಸಿದ ನೂಲಿಗೂ ಗಿರಾಕಿ ಅದಾರ. ಪ್ಲಾಸ್ಟಿಕ್ಕೇನು ಪಾಪಾ ಮಾಡೇತಿ? ಅದಕ್ಕೂ ಪುನರ್ಜನ್ಮ ಕೊಡತೇನಿ!"

ಮಲ್ಲಾರಿ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಹುಟ್ಟಿದ್ದು ಮಾತ್ರ ಅಕಿವಾಟದ ಕುರಿ ಕಾಯುವ ಮನೆಯಲ್ಲಿ. ಆದರೆ ಕುರಿಗಳಿಗೂ ಅವನಿಗೂ ಕೂಡಿಬರಲಿಲ್ಲ. ಅವನು ಮೂಡಲಿಗೆ ಹೊಡೆದರೆ ಅವು ಪಡುವಲಿಗೆ ನಡೆಯುತ್ತಿದ್ದವು, ನಿಲ್ಲಿರೆಂದರೆ ಓಡುತ್ತಿದ್ದವು. ಕೊನೆಗೆ ಅವನೇ ಓಡಿಬಂದು ಇಚಲಕರಂಜಿ ಸೇರಿದ. ಮಗ್ಗ ಎಷ್ಟೇ ಗದ್ದಲ ಮಾಡಲಿ, ನಿಂತಲ್ಲೇ ನಿಲ್ಲುತ್ತದೆ, ಮಂದಿಯ ಹೊಲಕ್ಕೆ ನುಗ್ಗುವುದಿಲ್ಲ!

ಇದನ್ನು ಅವನ ಮಾವ, ನೇಸರಿಯ ಹಾಲಸಿದ್ದ ಮರೆಯಲೂ ಇಲ್ಲ, ಮರೆಯಗೊಡಲೂ ಇಲ್ಲ. ದೊಡ್ಡ ಹಿಂಡಿನ ಒಡೆಯ, ಹೆಗಲ ಮೇಲೆ ಸದಾ ಕರೀ ಕಂಬಳಿ. ಅಳಿಯ ಊಟಕ್ಕೆ ಕೂತಾಗೆಲ್ಲ, ನಾಲ್ಕು ಜನ ಇರುವುದನ್ನು ನೋಡಿಕೊಂಡು ಕೇಳುತ್ತಿದ್ದ: "ಅಳ್ಯಾರ, ಕುರಿಯಂತೂ ನಿಮ್ಮ ಮಾತ ಕೇಳಲಿಲ್ಲ. ಆ ಮಗ್ಗಾ ಆದ್ರೂ ಕೇಳತೈತೇನ್ರಿ?"

ಮಲ್ಲಾರಿ ಇನ್ನೊಂದು ರೊಟ್ಟಿ ಕೇಳದೆ ಕೈ ತೊಳೆಯುತ್ತಿದ್ದ.

ಪುನರ್ಜನ್ಮದ ಕಾರ್ಯ ಶುರುವಾಯಿತು. ಮೊದಲು ಸೀಳಿದ ಬಕೀಟು. ಕಾಸಿದ ಚಮಚದಿಂದ ಸೀಳು ಮುಚ್ಚಹೋದ. ಒಂದು ಸೀಳು ಎರಡು ತೂತಾಯಿತು. ಆಮೇಲೆ ಹಿಡಿಕೆ ಮುರಿದ ನೀರಿನ ಮಗ್ಗು. ಅದಕ್ಕೆ ಹಳೆಯ ಬಾಚಣಿಗೆಯನ್ನೇ ಹಿಡಿಕೆಯಾಗಿ ಅಂಟಿಸಿದ. ಅಂಟಿಸಿದ್ದೇನೋ ಗಟ್ಟಿಯಾಗಿ ಕೂತಿತು, ಆದರೆ ಜಳಕ ಮಾಡಿದವರ ಅಂಗೈಯಲ್ಲಿ ಬೈತಲೆ ಮೂಡತೊಡಗಿತು!

"ಇನ್ನ ಕಪ್ಪ ಉಳದಾವ. ಅವನ್ನೇನ ಮಾಡತೀರಿ, ಕಿವಿಗಿ ಹಾಕ್ಕೋತೀರೇನು?" ಎಂದಳು ಯಮುನವ್ವ, ರೊಟ್ಟಿ ತಟ್ಟುತ್ತ.

ಮಲ್ಲಾರಿ ಒಂದು ಕಪ್ಪನ್ನು ಕಾದ ಹಂಚಿನ ಅಂಚಿಗೆ ಬೋರಲಾಗಿ ಇಟ್ಟ. ಆಗ ನಡೆಯಿತು ಪವಾಡ! ಕಪ್ಪು ಮೆಲ್ಲಗೆ ನಡ ಬಗ್ಗಿಸಿತು, ಕೂತಿತು, ಮುದುಡಿತು, ಮಲಗಿತು. ಉಳಿದದ್ದು ಬೆಳ್ಳಗಿನ, ದಪ್ಪನೆಯ, ದುಂಡನೆಯ ಒಂದು ಬಿಲ್ಲೆ. ಅದಕ್ಕೆ ಕಾಸಿದ ದಬ್ಬಣದಿಂದ ಎರಡು ತೂತು ಚುಚ್ಚಿ ಮಲ್ಲಾರಿ ಮೇಲೆತ್ತಿ ಹಿಡಿದ.

"ಗುಂಡಿ! ಅಂಗೀ ಗುಂಡಿ! ನೋಡ ಯಮುನಾ, ಅಂಗಡ್ಯಾಗ ಸಿಗತಾವೇನು ಹಿಂತಾವು?"

ಯಮುನವ್ವ ರೊಟ್ಟಿ ತಿರುವಿ ಹಾಕಿದಳು. "ಗುಂಡಿ ಆತು. ಅಂಗಿ ಎಲ್ಲೈತಿ?"

ಅಂಗಿಗೆ ಗುಂಡಿ ಹುಡುಕುವುದು ಲೋಕದ ರೂಢಿ. ಗುಂಡಿಗೆ ಅಂಗಿ ಹುಡುಕಲು ಹೊರಟವನು ಮಲ್ಲಾರಿ ಒಬ್ಬನೇ! ಅವನ ಕಣ್ಣು ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಲಿ ಹಾಲಿನ ಪಾಕೀಟುಗಳ ಮೇಲೆ ಬಿತ್ತು. ಗಟ್ಟಿ ಪ್ಲಾಸ್ಟಿಕ್. ನೀರು ಒಳಗೂ ಬರದು, ಹೊರಗೂ ಹೋಗದು. ಮಳೆಗಾಲ ಬಾಗಿಲಲ್ಲಿ ನಿಂತಿತ್ತು. ಸಾಯ್ಕಲ್ ಮೇಲೆ ಕೆಲಸಕ್ಕೆ ಹೋಗುವ ಗಂಡಸಿಗೆ ಬೇಕಾದದ್ದು ಇನ್ನೇನು?

"ರೇನಕೋಟ!" ಎಂದು ಕೂಗಿದ.

ಚಾಳಿನ ಬಾಯಂದಿರೆಲ್ಲ ಪಾಕೀಟು ದಾನ ಮಾಡಿದರು. ಮಲ್ಲಾರಿ ಒಂದೊಂದನ್ನೂ ಬಿಡಿಸಿ, ನೀರಲ್ಲಿ ಒಮ್ಮೆ ಅದ್ದಿ ತೆಗೆದ. ಅದ್ದುವುದಕ್ಕೆ ತೊಳೆಯುವುದೆಂದು ಹೆಸರಿಟ್ಟ. ಅಂಚಿಗೆ ಅಂಚು ಕೂಡಿಸಿ, ಮೇಲೆ ಹಳೆಯ ವರ್ತಮಾನ ಪತ್ರಿಕೆ ಹಾಸಿ, ಇಸ್ತ್ರಿ ಒತ್ತಿದ. ಅಂಟಿತು! ಭಾಳ ಚಂದ ಅಂಟಿತು! ಪತ್ರಿಕೆ ಸರಿದ ಒಂದು ಕಡೆ ಮಾತ್ರ ಪ್ಲಾಸ್ಟಿಕ್ಕು ಇಸ್ತ್ರಿಗೇ ಅಂಟಿಕೊಂಡಿತು. ಅದು ಮಲ್ಲಾರಿಗೆ ತಿಳಿಯಲಿಲ್ಲ. ಮರುದಿನ ಯಮುನವ್ವ ತವರಿನ ಧಡಿ ಸೀರೆಗೆ ಇಸ್ತ್ರಿ ಮಾಡಿದಾಗ ತಿಳಿಯಿತು.

"ನನ್ನ ತವರ ಮನಿ ಸೀರಿ ರೀ! ಸೆರಗಿನ ಮ್ಯಾಲೆ ಏನಿದು?"

ಮಲ್ಲಾರಿ ಬಗ್ಗಿ ನೋಡಿದ. ಪಾಕೀಟಿನ ಮೇಲಿನ ಚಿತ್ರ ಹಾಗೇ ಸೆರಗಿಗೆ ಇಳಿದಿತ್ತು. "ಆಕಳಾ ಮೂಡೇತಿ. ಶುಭ ಲಕ್ಷಣ!"

ಆಮೇಲಿನ ಕೆಲವು ದಿನ ಮಲ್ಲಾರಿ ತನ್ನ ರೊಟ್ಟಿ ತಾನೇ ತಟ್ಟಿಕೊಂಡ.

ಜೂನಿನ ಮಿರಗದ ಮಳೆ ಕೂಡುವ ಹೊತ್ತಿಗೆ ಕೋಟು ಸಿದ್ಧವಾಯಿತು. ಮೊಣಕಾಲಿನವರೆಗೆ ಉದ್ದ, ತಲೆಗೆ ಕೊಪ್ಪೆ, ಎದೆಗೆ ಆ ಚಹಾ ಕಪ್ಪಿನ ಗುಂಡಿ. ನಡೆದರೆ ಚರ್ರ್ ಪರ್ರ್ ಎಂಬ ಗಂಭೀರ ನಾದ. ಮೈತುಂಬ ಆಕಳುಗಳು, ಮರಾಠಿ ಅಕ್ಷರಗಳು. ಅದನ್ನು ತೊಟ್ಟು ಮಲ್ಲಾರಿ ಸಾಯ್ಕಲ್ ಏರಿ ಶೆಡ್ಡಿಗೆ ಹೋದ. ಧೋ ಎಂದು ಸುರಿಯುವ ಮಳೆಯಲ್ಲಿ ಹೋಗಿ ಒಣಗಿದ ಕಡ್ಡಿಯಂತೆ ಇಳಿದ! ಇಳಿದವನ ಎದೆಯನ್ನು ಪಕ್ಕದ ಮಗ್ಗದ ಗೆಳೆಯ ಗುಂಡು ಬೆರಳಿಟ್ಟು ಓದಿದ.

"'ಥಂಡ ಜಾಗೀ ಠೇವಾ.' ತಂಪ ಜಾಗಾದಾಗ ಇಡ್ರಿ ಅಂತ ಬರದೈತಲ್ಲೋ! ಈ ಸೆಕಿಯೊಳಗ ಯಾಕ ಬಂದಿ? ಒಡದ ಹೋದೀ!" ಆಮೇಲೆ ಎರಡೂ ಕೈ ಮೇಲೆತ್ತಿ, ಮಲ್ಲಾರಿ ದೇವರ ಜಾತ್ರೆಯಲ್ಲಿ ಜೈಕಾರ ಹಾಕುವವರಂತೆ, ಶೆಡ್ಡೆಲ್ಲ ಕೇಳುವ ಹಾಗೆ ಕೂಗಿದ: "ಯಳಕೋಟ, ಯಳಕೋಟ... ಅಲ್ಲಲ್ಲ, ಹಾಲಕೋಟ ಹಾಲಕೋಟ, ಜೈ ಮಲ್ಲಾರ!"

ಅಂದಿನಿಂದ ಅವನ ಹೆಸರು ಹಾಲಕೋಟ ಮಲ್ಲಾರಿ. ನಗುವವರು ನೆನೆದು ನಕ್ಕರು, ಮಲ್ಲಾರಿ ಒಣಗಿ ನಕ್ಕ. ಒಂದೇ ತೊಂದರೆ: ಸಂಜೆ ಮನೆಗೆ ತಿರುಗಿದಾಗ ಸಾಯ್ಕಲ್ಲಿನ ಹಿಂದೆ ಓಣಿಯ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಮೆರವಣಿಗೆ ಬಂದವು. ಬರೀ ಅದ್ದಿ ತೆಗೆದ ಪಾಕೀಟುಗಳು ಮಳೆ ತಾಗಿದ ಕೂಡಲೇ ತಮ್ಮ ಪೂರ್ವಜನ್ಮ ನೆನೆಯುತ್ತಿದ್ದವು!

ಆಗ ನೇಸರಿಯಿಂದ ಕರೆ ಬಂತು. ಯಮುನವ್ವನ ತಮ್ಮ ಕೃಷ್ಣಾತನಿಗೆ ಗಂಡುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಕಾರ್ಯ.

"ಆ ಕೋಟ ಹಾಕ್ಕೊಂಡ ನಮ್ಮಪ್ಪನ ಮುಂದ ಬರತೀರೇನು?"

"ಬರತೇನಿ! ಕಂಬಳಿ ತೊಯ್ದ ಭಾರಾ ಆಗತೈತಿ. ಇದು ನೋಡ, ಹೂವಿನಂಗ ಐತಿ. ಇವತ್ತ ನಿಮ್ಮಪ್ಪ ಕಣ್ಣ ತಗದ ನೋಡಬೇಕು!"

ಕೊಲ್ಲಾಪುರದ ತನಕ ಹೇಗೋ ನಡೆಯಿತು. ಗಡಹಿಂಗ್ಲಜದ ಎಸ್.ಟಿ. ಬಸ್ಸು ಹತ್ತುವಾಗ ಕಂಡಕ್ಟರು ಮೂಗು ಅರಳಿಸಿ, "ಅಹೋ, ದೂಧವಾಲೇ ಮಾಗೇ ಬಸಾ!" ಎಂದು ಹಾಲಿನವರು ಕೂಡ್ರುವ ಹಿಂದಿನ ಸೀಟಿಗೆ ಕೈ ತೋರಿಸಿದ. ತಾನು ಹಾಲು ಮಾರುವವನಲ್ಲವೆಂದು ಹೇಳಿದರೂ ಕೇಳದೆ, ಹಾಲಿನ ಕ್ಯಾನು ಎಲ್ಲಿ ಬಚ್ಚಿಟ್ಟಿದ್ದಾನೆಂದು ಸೀಟಿನ ಕೆಳಗೆಲ್ಲ ಹುಡುಕಿದ. ಮುಂದಿನ ಸೀಟಿನ ಹೆಂಗಸಿನ ಬಗಲಲ್ಲಿದ್ದ ಕೂಸು ಮಲ್ಲಾರಿಯ ಕಡೆ ಕೈ ಚಾಚಿ, ಗಡಹಿಂಗ್ಲಜ ಬರುವವರೆಗೂ ಅತ್ತಿತು. ಯಮುನವ್ವ ಕಿಟಕಿಯಾಚೆ ನೋಡುತ್ತ, ಈ ಮನುಷ್ಯ ಯಾರೋ ತನಗೆ ಗೊತ್ತಿಲ್ಲವೆಂಬಂತೆ ಕೂತಿದ್ದಳು.

ನೇಸರಿ ಮುಟ್ಟಿದಾಗ ಮಳೆ ಕೊಡದಿಂದ ಸುರಿದಂತೆ ಸುರಿಯುತ್ತಿತ್ತು. ಅತ್ತೆ ನಾಗೂಬಾಯಿ ಬಾಗಿಲಲ್ಲೇ, "ಯಪ್ಪಾ, ತೊಯ್ದೀರಿ, ಒಲೀ ಮುಂದ ಕುಂಡ್ರ ಬರ್ರಿ. ಅದನ್ನ ತಗದ ಇಡ್ರಿ," ಎಂದಳು. ಮಲ್ಲಾರಿ ಕೋಟು ತೆಗೆಯಲಿಲ್ಲ. ಮಾವ ನೋಡುವ ಮೊದಲು ತೆಗೆದರೆ ಇಷ್ಟು ದೂರ ಬಂದದ್ದೇಕೆ? ಎದೆ ಸೆಟೆಸಿ ಒಲೆಯ ಮುಂದೆ ಕೂತ. ಕಟ್ಟಿಗೆ ಧಗಧಗ ಉರಿಯುತ್ತಿತ್ತು. ಬೆಚ್ಚಗಾಯಿತು. ಇನ್ನಷ್ಟು ಬೆಚ್ಚಗಾಯಿತು. ಮೊದಲು ಬಂದದ್ದು ಬಾಸುಂದಿಯ ವಾಸನೆ, ಆಮೇಲೆ ಬಂದದ್ದು ಬೇರೆಯೇ ವಾಸನೆ.

"ಅಯ್ಯ, ಏನೋ ಸೀದೈತಿ!" ನಾಗೂಬಾಯಿ ಒಲೆಯ ಮೇಲಿನ ಪಾತ್ರೆಗಳನ್ನೆಲ್ಲ ಮುಚ್ಚಳ ತೆಗೆದು ನೋಡಿದಳು. ಸೀದದ್ದು ಅಳಿಯ!

ಮಲ್ಲಾರಿ ಹಾರಿ ಹಿಂದೆ ಸರಿದ. ಮೈ ಸುಟ್ಟಿರಲಿಲ್ಲ, ಸದ್ಯ. ಆದರೆ ಕೋಟಿನ ಎದೆಯ ಎರಡೂ ಅಂಚು ಕರಗಿ ಒಂದಾಗಿದ್ದವು. ಗುಂಡಿಗಳು ಮೆತ್ತಗಾಗಿ, ಹರಡಿ, ತಣ್ಣಗಾಗಿ ಬೀಗ ಜಡಿದುಕೊಂಡಿದ್ದವು. ಎಳೆದ. ಬಿಚ್ಚಲಿಲ್ಲ. ತಲೆಯ ಮೇಲಿಂದ ತೆಗೆಯಹೋದ. ಕೊರಳಲ್ಲಿ ಸಿಕ್ಕಿ ಒಳಗಿನಿಂದ, "ಯಮುನಾ! ಏ ಯಮುನಾ!" ಎಂದು ಒದರಿದ.

ಸರಿಯಾಗಿ ಆಗಲೇ ಮಾವ ಹಾಲಸಿದ್ದ ಒಳಗೆ ಬಂದ. ಕಂಬಳಿ ಕೊಡವಿ, ಅಳಿಯನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಮೈಮ್ಯಾಲೆ ಏನೋ ಬರದೈತಲ್ಲಬೇ. ಓದ ನೋಡೂಣು."

ಮರಾಠಿ ಸಾಲಿ ಕಲಿತಿದ್ದ ಯಮುನವ್ವ ಗಂಡನ ಬೆನ್ನು ಓದಿದಳು. "'ಉಘಡಲ್ಯಾವರ ಲಗೇಚ ವಾಪರಾ.' ತಗದ ಮ್ಯಾಲೆ ತಡಾ ಮಾಡದ ಬಳಸ್ರಿ ಅಂತ ಐತಿ, ಅಪ್ಪಾ."

"ತಗಿಯೂದ ಹ್ಯಾಂಗ ಅಂತ ಬರದೈತೇನ ನೋಡ ಮದಲ!"

ಯಮುನವ್ವ ಬಗ್ಗಿ ಕೆಳಗಿನ ಸಾಲು ಓದಿದಳು. "ಮೂಲಿ ಕತ್ತರಸ್ರಿ ಅಂತ ಐತಿ."

"ಹಂಗಾರ ಕತ್ತರಿ ತರ್ರಿ!"

ಬಂದದ್ದು ಕುರಿಯ ಉಣ್ಣೆ ಕತ್ತರಿಸುವ ಮೊಳದುದ್ದದ ಕತ್ತರಿ. ಹಾಲಸಿದ್ದ ಅದನ್ನು ಗಾಳಿಯಲ್ಲಿ ಎರಡು ಸಲ ಕಚ್ ಕಚ್ ಆಡಿಸಿದ. "ಅಂಜಬ್ಯಾಡ್ರಿ ಅಳ್ಯಾರ. ಮದಲ ಕಾಲ ಕಟ್ಟಬೇಕೇನು, ಹಂಗ ನಿಲ್ಲತೀರೇನು?" ತೊಟ್ಟಿಲಿಗೆ ಬಂದಿದ್ದ ಹೆಂಗಸರೆಲ್ಲ ಬಾಗಿಲಲ್ಲಿ ತುಂಬಿಕೊಂಡು ಕಿಸಕ್ಕೆಂದರು. ಮಲ್ಲಾರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಭೂಮಿ ಬಾಯಿ ಬಿಡಲಿಲ್ಲ, ಕೃಷ್ಣಾತ ಬಿಟ್ಟ. ಮಳೆಯಲ್ಲಿ ಏದುಸಿರು ಬಿಡುತ್ತ ಓಡಿಬಂದು ಅಂಗಳದಿಂದಲೇ ಕೂಗಿದ: "ಅಪ್ಪಾ! ಬಂಧಾರಾದ ಮ್ಯಾಲೆ ನೀರ ಏರಾಕತ್ತೈತಿ! ಹಿಂಡ ಆಚಿ ಕಡೆ ಐತಿ, ಒಂದ ಕುರೀನೂ ಹೆಜ್ಜಿ ಇಡವಲ್ದು!"

ಕತ್ತರಿ ಕೆಳಗೆ ಬಿತ್ತು. ನಗು ನಿಂತಿತು. ಗೊಬ್ಬರಕ್ಕೆಂದು ಹಿಂಡನ್ನು ಹಳ್ಳದ ಆಚೆಯ ಹೊಲದಲ್ಲಿ ನಿಲ್ಲಿಸಿದ್ದರು. ಈಚೆ ಬರಲು ಇದ್ದ ಹಾದಿ ಹಳ್ಳಕ್ಕೆ ಕಟ್ಟಿದ ಬಂಧಾರದ ಕಲ್ಲುಗೋಡೆಯೊಂದೇ. ಅದು ಮುಳುಗಿದರೆ ಆಚೆಯ ತಗ್ಗು ಹೊಲವೂ ಮುಳುಗುತ್ತದೆ. ಹಾಲಸಿದ್ದ ಕಂಬಳಿ ಕೊಪ್ಪೆ ಹಾಕಿ ಓಡಿದ. ಕೃಷ್ಣಾತ ಓಡಿದ. ಬಿಚ್ಚಲಾಗದ ಕೋಟಿನಲ್ಲಿ ಚರ್ರ್ ಪರ್ರ್ ಎನ್ನುತ್ತ ಮಲ್ಲಾರಿಯೂ ಓಡಿದ.

ಕೆಂಪು ನೀರು ಬಂಧಾರದ ತುದಿಗೆ ನಾಲಗೆ ಚಾಚುತ್ತಿತ್ತು. ಮೂವರೂ ಗೋಡೆಯ ಮೇಲೆ ಕೈಹಿಡಿದು ದಾಟಿದರು. ಆಚೆಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಕಲ್ಲಿನಂತೆ ನಿಂತಿದ್ದವು. ಹಾಲಸಿದ್ದ ಹುರ್ರ್ ಎಂದ, ಸಿಳ್ಳೆ ಹಾಕಿದ, ಮುಂದಾಳು ಟಗರಿನ ಕೊಂಬು ಹಿಡಿದು ಎಳೆದ. ಟಗರು ನೀರಿನ ಸದ್ದಿಗೆ ಬೆದರಿ ಅವನನ್ನೇ ಹಿಂದಕ್ಕೆ ಎಳೆಯಿತು. ನೀರು ಕುಡಿದ ಕಂಬಳಿಯ ಭಾರಕ್ಕೆ ಮುದುಕ ಕೆಸರಲ್ಲಿ ಮೊಣಕಾಲೂರಿದ. ಆ ಮುಖವನ್ನು ಮಲ್ಲಾರಿ ಹಿಂದೆಂದೂ ನೋಡಿರಲಿಲ್ಲ. ಅದರಲ್ಲಿ ಕುಹಕವಿರಲಿಲ್ಲ, ಬರೀ ಹೆದರಿಕೆಯಿತ್ತು.

"ಮರೀನಾದ್ರೂ ಬಿಡೋ ಕೃಷ್ಣಾತ, ಹೊತಗೊಂಡ ಹೋಗೂಣು!" ಎಂದ ಹಾಲಸಿದ್ದ.

ಕೃಷ್ಣಾತ ಮರಿಗಳನ್ನು ಕೂಡಿಹಾಕಿದ್ದ ಬಲೆ ಬಿಚ್ಚಿದ. ಬೆಳಗಿನಿಂದ ಹಸಿದಿದ್ದ ಮರಿಗಳು ಹೊರಬಂದು ಮೂಗೆತ್ತಿದವು. ತಾಯಂದಿರ ಕಡೆ ಹೋಗಲಿಲ್ಲ. ಒಲೆಯ ಮುಂದೆ ಕಾದು, ಮಳೆಯಲ್ಲಿ ನೆನೆದು, ಏಳು ಊರಿಗೆ ಸಾಲುವಷ್ಟು ಹಾಲಿನ ಘಮ ಬೀರುತ್ತಿದ್ದ ಮಲ್ಲಾರಿಯ ಮೇಲೆ ಒಮ್ಮೆಲೇ ಮುಗಿಬಿದ್ದವು!

ಒಂದು ಮರಿ ಕೋಟಿನ ಅಂಚು ಚೀಪಿತು. ಇನ್ನೊಂದು ತೋಳು. ಇನ್ನೂ ಒಂದು ಹಿಂದಿನಿಂದ ಗುದ್ದಿತು.

"ಮಾವಾರ! ಇವನ್ನ ಹಿಡೀರಿ!" ಮಲ್ಲಾರಿ ಹಿಂದೆ ಸರಿದ. ಮರಿಗಳು ಮುಂದೆ ಬಂದವು. ಅವನು ತಿರುಗಿ ಬಿರಬಿರನೆ ನಡೆದ. ಅವೂ ಬಿರಬಿರನೆ ನಡೆದವು. ಹೋಗಲು ಇದ್ದದ್ದು ಒಂದೇ ದಾರಿ. ಅವನು ಬಂಧಾರದ ಮೇಲೆ ಕಾಲಿಟ್ಟ. ಮರಿಗಳೂ ಇಟ್ಟವು! ಮರಿಗಳು ಹೋದವೆಂದು ತಾಯಂದಿರು ಬ್ಯಾ ಎಂದು ಒದರುತ್ತ ಬೆನ್ನು ಹತ್ತಿದವು. ತಾಯಂದಿರು ಹೋದರೆಂದು ಟಗರು ಹೊರಟಿತು. ಟಗರಿನ ಹಿಂದೆ ಇಡೀ ಹಿಂಡು!

"ನಿಲ್ಲಬ್ಯಾಡ್ರಿ ಅಳ್ಯಾರ!" ಹಾಲಸಿದ್ದನ ದನಿ ಒಡೆಯಿತು. "ಹಂಗ ನಡೀರಿ! ಓಡಬ್ಯಾಡ್ರಿ!"

ಮಲ್ಲಾರಿ ಹಿಂದಿರುಗಿ ನೋಡಿದ. ತನ್ನಿಂದ ಆಚೆ ದಂಡೆಯವರೆಗೆ ಉಣ್ಣೆಯ ತೇರು! ಓಡಬೇಕೆಂಬ ಆಸೆ ಕಾಲಲ್ಲಿತ್ತು, ಆದರೆ ಓಡಿದರೆ ಮರಿಗಳು ಜಾರುತ್ತವೆಂದು ತಲೆ ಹೇಳಿತು. ನಡುದಾರಿಯಲ್ಲಿ ನೀರು ಗೋಡೆಯ ಮೇಲೇ ಹರಿಯುತ್ತಿತ್ತು. ಒಂದು ಸಣ್ಣ ಮರಿ ತಪ್ಪಿತು. ಮಲ್ಲಾರಿ ಬಗ್ಗಿ, ಒಂದು ಕಾಲು ಗಟ್ಟಿಯಾಗಿ ಊರಿ, ಅದರ ಕಿವಿ ಹಿಡಿದು ಎತ್ತಿ ಬಗಲಿಗೆ ಹಾಕಿಕೊಂಡ. ಎದೆ ಮಗ್ಗದಂತೆ ಬಡಿಯುತ್ತಿತ್ತು. ಮರಿ ಅವನ ಗುಂಡಿ ಚೀಪುತ್ತಿತ್ತು. "ಚೀಪಪಾ, ಎಷ್ಟ ಬೇಕ ಅಷ್ಟ ಚೀಪ," ಎಂದು ಗೊಣಗುತ್ತ ಅವನು ಒಂದೊಂದೇ ಹೆಜ್ಜೆ ಇಟ್ಟ.

ಕೊನೆಯ ಕುರಿಯನ್ನು ಹೆಗಲ ಮೇಲೆ ಹೊತ್ತು ಹಾಲಸಿದ್ದ ಈಚೆ ದಂಡೆ ಮುಟ್ಟಿದ. ಸ್ವಲ್ಪ ಹೊತ್ತಿಗೆಲ್ಲ ಬಂಧಾರ ಕಾಣದಾಯಿತು.

ದಂಡೆಯ ಮೇಲೆ ನೆರೆದಿದ್ದ ಊರವರು "ಚಾಂಗಭಲೋ!" ಎಂದು ಜೈಕಾರ ಹಾಕಿದರು. ಯಾರೋ ಮಲ್ಲಾರಿಯ ಹಣೆಗೆ ಭಂಡಾರದ ಅರಿಶಿನ ಬಳಿದರು. ಹಾಲಸಿದ್ದ ತನ್ನ ತಲೆಯ ರುಮಾಲು ಬಿಚ್ಚಿ, ಹಿಂಡಿ, ಅಳಿಯನ ತಲೆಗೆ ಸುತ್ತಿದ. "ಅಳ್ಯಾರ, ನನ್ನ ಹಿಂಡ ಇವತ್ತ ನಿಮ್ಮ ಹಿಂದ ಬಂತ್ರಿ," ಎಂದ. ಆಮೇಲೆ ಮುಖ ಆಚೆ ತಿರುಗಿಸಿ ಕುರಿ ಎಣಿಸತೊಡಗಿದ. ಯಮುನವ್ವ ಗುಂಪನ್ನು ಸೀಳಿಕೊಂಡು ಬಂದು, ಎಲ್ಲರಿಗೂ ಕೇಳುವಂತೆ, "ಇವರು ನಮ್ಮ ಮನಿಯವರು!" ಎಂದಳು. ಎಸ್.ಟಿ.ಯಲ್ಲಿ ಗುರುತೇ ಹತ್ತದಿದ್ದ ಹೆಂಡತಿ!

ತೊಟ್ಟಿಲ ಕಾರ್ಯದಲ್ಲಿ ಮೊದಲ ಎಡೆ ಮಲ್ಲಾರಿಗೆ. ಬಂದವರಿಗೆಲ್ಲ ಕಥೆ ಹೇಳಿದ. ಹೇಳಿದಂತೆಲ್ಲ ಹಳ್ಳ ಅಗಲವಾಯಿತು, ಕುರಿಗಳು ಹೆಚ್ಚಾದವು, ಮೊದಲಿಗೆ ತಾನು ಮರಿಗಳಿಗೆ ಹೆದರಿ ತಪ್ಪಿಸಿಕೊಳ್ಳಹೋದದ್ದು ಕಥೆಯಿಂದ ಮೆಲ್ಲಗೆ ಜಾರಿಹೋಯಿತು. ಊಟವಾದ ಮೇಲೆ ಹಾಲಸಿದ್ದ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೋಟು ಕತ್ತರಿಸಿದ. ಕೂಸಿಗೆ ಜಾವಳ ತೆಗೆಯುವಂತೆ ಅಷ್ಟು ನಾಜೂಕು!

"ಅಲಗ್ಯಾಡಬ್ಯಾಡ್ರಿ ಅಳ್ಯಾರ, ಪೆಟ್ಟಾದೀತು."

ಮಲ್ಲಾರಿಯ ಕಣ್ಣು ತುಂಬಿತು. "ಆಗಲಿ ಬಿಡ್ರಿ ಮಾವಾರ, ನನಗೇನ ಆಗೂದುಲ್ಲ."

"ನಿಮಗಲ್ರಿ. ಕೋಟಿಗಿ!"

ಬೆಳಿಗ್ಗೆ ಎದ್ದು ನೋಡಿದರೆ ಕೋಟು ಇರಲಿಲ್ಲ. ಹೊರಗೆ ಬಂದ. ಹಾಲಸಿದ್ದ ಅದನ್ನು ಒಂದು ಗಳಕ್ಕೆ ಏರಿಸಿಕೊಂಡು ಮೇವಿಗೆ ಹೊರಟಿದ್ದ. ಮರಿಗಳು, ತಾಯಂದಿರು, ಟಗರು, ಎಲ್ಲವೂ ಅದರ ಹಿಂದೆ ಶಿಸ್ತಿನ ಸಾಲು. ಮಲ್ಲಾರಿ ರುಮಾಲು ಸರಿಮಾಡಿಕೊಂಡು ದಾರಿಯ ನಡುವೆ ನಿಂತ. ಕೈ ಚಾಚಿ, "ಬರ್ರಿ, ಬರ್ರಿ!" ಎಂದು ಕರೆದ. ಹಿಂಡು ಅವನ ಹತ್ತಿರ ಬಂದು ಎರಡಾಗಿ ಸೀಳಿತು. ಕಲ್ಲನ್ನು ಬಳಸುವಂತೆ ಬಳಸಿ, ಮುಂದೆ ಒಂದಾಗಿ ಹೊರಟುಹೋಯಿತು. ಬಗಲಲ್ಲಿ ಹೊತ್ತು ತಂದ ಮರಿಯೂ ತಿರುಗಿ ನೋಡಲಿಲ್ಲ.

ಎಸ್.ಟಿ. ಸ್ಟ್ಯಾಂಡಿನಲ್ಲಿ ಮಾವ ಕೊಟ್ಟ ಹೊಸ ಕಂಬಳಿ ಹೊದ್ದು ನಿಂತಾಗ ಮಲ್ಲಾರಿಗೆ ತಡೆಯಲಾಗಲಿಲ್ಲ. ಕೆಮ್ಮಿ ಕೇಳಿದ: "ನಿಮ್ಮಪ್ಪ ಹೊಂಡೂ ಮುಂದ ಏನರ ಅಂದರೇನು?"

"ಅಂದ್ರಲ್ರಿ! ಭಾಳ ಖುಷಿ ಆಗ್ಯಾರ. ಮುಂದಿನ ಮಳಿಗಾಲಕ್ಕ ಹಿಂತಾದ ಇನ್ನೊಂದ ಕೋಟ ಮಾಡಿ, ಕಿಡಕಿ ಕಡೆ ಸೀಟ ಹಿಡದ ಕಳಸಬೇಕಂತ."

"ಮತ್ತ ನಾ?"

ಯಮುನವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಮಗ್ಗಲ ಸೀಟ ಖಾಲಿ ಉಳದ್ರ ನೀವೂ ಬರ್ರಿ ಅಂದಾರ!"